ಯುರೋಪಿನಲ್ಲಿ ಲಾರಿ ಓಡಿಸುವವರಿಗೆ ವಿಶ್ರಾಂತಿಯ ಕಾನೂನು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪೋಲೆಂಡ್, ಲಿಥುವೇನಿಯಾ, ರೊಮೇನಿಯಾದ ಸಾರಿಗೆ ಕಂಪನಿಗಳು ಈಗ ಭಾರತದ ಡ್ರೈವರ್‌ಗಳನ್ನೂ ಕೆಲಸಕ್ಕೆ ಕರೆಸಿಕೊಳ್ಳುತ್ತಿವೆ. ನಮ್ಮ ಕಡೆಯಿಂದ ಹೋಗುವವರಿಗೆ ಲಾರಿ ಓಡಿಸುವುದೇನೂ ಹೊಸದಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಸಿದವರನ್ನು ಜರ್ಮನಿಯ ಹೆದ್ದಾರಿ ಹೆದರಿಸುವುದಿಲ್ಲ. ತಲೆಬಿಸಿ ಆಗುವುದು ಬೇರೆ ಕಡೆ. ಯಾವಾಗ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ದಾಖಲೆ ಏನು ಎಂಬ ಲೆಕ್ಕದಲ್ಲಿ.

ಆ ಲೆಕ್ಕ ಒಂದೇ ನಿಯಮದಲ್ಲಿ ಮುಗಿಯುವುದಿಲ್ಲ. ನಾಲ್ಕೂವರೆ ಗಂಟೆಯ ಬ್ರೇಕ್, ದಿನದ ಮಿತಿ, ರಾತ್ರಿಯ ವಿಶ್ರಾಂತಿ, ವಾರದ ವಿಶ್ರಾಂತಿ, ಎರಡು ವಾರದ ಮೊತ್ತ, ಎಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ. ಒಂದನ್ನು ಅಚ್ಚುಕಟ್ಟಾಗಿ ಪಾಲಿಸಿ ಇನ್ನೊಂದರಲ್ಲಿ ಸಿಕ್ಕಿಬೀಳುವುದು ಬಹಳ ಸುಲಭ. ಹಾಗಾಗಿ ಇವತ್ತು ಎಷ್ಟು ಓಡಿಸಬಹುದು ಎಂದು ಮೊದಲು ಕೇಳಬೇಡಿ. ಇವತ್ತು ಎಷ್ಟು ಗಂಟೆಯೊಳಗೆ ಗಾಡಿ ಹಾಕಿ ಮಲಗಲೇಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದನ್ನೇ.

## ಹಂತ 1: ಯಾವ ಕಾನೂನು ಎಂದು ತಿಳಿದುಕೊಳ್ಳಿ

ಮೂಲ ಕಾನೂನಿನ ಹೆಸರು ಯುರೋಪಿಯನ್ ಒಕ್ಕೂಟದ 561/2006 ನಿಯಮಾವಳಿ. 2007ರ ಏಪ್ರಿಲ್ 11ರಿಂದ ಜಾರಿಯಲ್ಲಿದೆ. 2020ರ ಆಗಸ್ಟ್ 20ರಿಂದ ಇದರಲ್ಲಿ ದೊಡ್ಡ ಬದಲಾವಣೆಗಳು ಬಂದವು. ಅದಕ್ಕಿಂತ ಹಳೆಯ ಮಾಹಿತಿಯನ್ನು ಯಾರಾದರೂ ಹೇಳಿಕೊಟ್ಟರೆ ನಂಬಬೇಡಿ.

ಟ್ರೇಲರ್ ಸೇರಿ ಅನುಮತಿಸಿದ ಒಟ್ಟು ತೂಕ 3.5 ಟನ್ ಮೀರುವ ಸರಕು ವಾಹನಗಳಿಗೆ ಇದು ಅನ್ವಯ. 2026ರ ಜುಲೈ 1ರಿಂದ ಗಡಿ ದಾಟಿ ಸರಕು ಸಾಗಿಸುವ, 2.5 ಟನ್ ಮೀರಿದ ವ್ಯಾನುಗಳೂ ಇದರೊಳಗೆ ಬರುತ್ತವೆ. ಡ್ರೈವರ್ ಯಾವ ದೇಶದವರು ಎಂಬುದು ಲೆಕ್ಕಕ್ಕಿಲ್ಲ. ಒಕ್ಕೂಟದ 27 ದೇಶಗಳಲ್ಲದೆ ನಾರ್ವೆ, ಸ್ವಿಟ್ಜರ್ಲೆಂಡ್‌ಗಳಲ್ಲೂ ಇದೇ ನಿಯಮ. ಬ್ರಿಟನ್ ಒಕ್ಕೂಟದಿಂದ ಹೊರಬಂದರೂ ಹೆಚ್ಚುಕಡಿಮೆ ಇದನ್ನೇ ಉಳಿಸಿಕೊಂಡಿದೆ. ಟರ್ಕಿ, ಸರ್ಬಿಯಾ, ಉಕ್ರೇನ್ ಕಡೆಗೆ ಹೋಗುವ ಗಾಡಿಗಳಿಗೆ ಎಇಟಿಆರ್ ಎಂಬ ಒಪ್ಪಂದವಿದೆ. ಅದರ ಮುಖ್ಯ ಲೆಕ್ಕಗಳು ಇವನ್ನೇ ಹೋಲುತ್ತವೆ.

ಅಮೆರಿಕದಲ್ಲಿರುವ ಅಣ್ಣನನ್ನೋ ಗೆಳೆಯನನ್ನೋ ಕೇಳಿ ಈ ಲೆಕ್ಕ ಕಲಿಯಲು ಹೋಗಬೇಡಿ. ಅಲ್ಲಿ 14 ಗಂಟೆಯ ಅವಧಿಯೊಳಗೆ 11 ಗಂಟೆ ಓಡಿಸಬಹುದು, 8 ಗಂಟೆ ಓಡಿಸಿದ ಮೇಲೆ 30 ನಿಮಿಷದ ಬ್ರೇಕ್ ಸಾಕು. ಎರಡನ್ನೂ ಬೆರೆಸಿದರೆ ಗೊಂದಲ ಗ್ಯಾರಂಟಿ.

ನಮ್ಮ ದೇಶದಲ್ಲೂ ಕಾನೂನು ಇರಲಿಲ್ಲ ಎಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಮೀರುವ ಮೊದಲು ಅರ್ಧ ಗಂಟೆ ವಿರಾಮ, ಎರಡು ದಿನದ ಡ್ಯೂಟಿ ನಡುವೆ ಕನಿಷ್ಠ 9 ಗಂಟೆ ಬಿಡುವು ಎಂದು ಹೇಳಿತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಆದರೆ ಹೆದ್ದಾರಿಯಲ್ಲಿ ನಿಲ್ಲಿಸಿ "ಬೆಳಿಗ್ಗೆಯಿಂದ ಎಷ್ಟು ಗಂಟೆ ಓಡಿಸಿದ್ದೀಯಾ?" ಎಂದು ಲೆಕ್ಕ ಕೇಳುವ ಪೊಲೀಸರನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದಾರೆ ಹೇಳಿ? ಅಲ್ಲಿ ಮೊದಲು ಕೇಳುವುದೇ ಅದು.

## ಹಂತ 2: ಟ್ಯಾಕೋಗ್ರಾಫ್ ಪರಿಚಯ ಮಾಡಿಕೊಳ್ಳಿ

ಗಾಡಿ ಹತ್ತುವ ಮೊದಲೇ ಈ ಯಂತ್ರ ಅರ್ಥವಾಗಿರಬೇಕು. ಟ್ಯಾಕೋಗ್ರಾಫ್ ಎಂದರೆ ನೀವು ಓಡಿಸಿದ್ದು, ನಿಂತಿದ್ದು, ಕೆಲಸ ಮಾಡಿದ್ದು, ಮಲಗಿದ್ದು ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಡುವ ಪೆಟ್ಟಿಗೆ. ನಿಮ್ಮ ಹೆಸರಿನ ಡ್ರೈವರ್ ಕಾರ್ಡನ್ನು ಅದರೊಳಗೆ ಹಾಕಿಯೇ ಓಡಿಸಬೇಕು. ಕಾರ್ಡಿನ ಅವಧಿ 5 ವರ್ಷ.

ಅದರಲ್ಲಿ ನಾಲ್ಕು ಗುರುತುಗಳಿವೆ. ಸ್ಟೀರಿಂಗ್ ಚಿತ್ರ ಎಂದರೆ ಡ್ರೈವಿಂಗ್. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಎಂದರೆ ಬೇರೆ ಕೆಲಸ: ಲೋಡಿಂಗ್, ಟೈರ್ ನೋಡುವುದು, ಡೀಸೆಲ್ ಹಾಕಿಸುವುದು, ಕಾಗದಪತ್ರ ಮಾಡಿಸುವುದು. ಓರೆ ಗೆರೆ ಎಳೆದ ಚೌಕ ಎಂದರೆ ಕಾಯುತ್ತಿದ್ದೀರಿ, ಆದರೆ ಕರೆದಾಗ ಹೋಗಬೇಕು. ಮಂಚದ ಚಿತ್ರ ಎಂದರೆ ಬ್ರೇಕ್ ಅಥವಾ ವಿಶ್ರಾಂತಿ.

ಗಾಡಿ ಚಲಿಸಿದ ಕೂಡಲೇ ಯಂತ್ರ ತಾನಾಗಿ ಸ್ಟೀರಿಂಗ್‌ಗೆ ಹೋಗುತ್ತದೆ. ನಿಂತಾಗ ಸಾಮಾನ್ಯವಾಗಿ ಸುತ್ತಿಗೆಗೆ ಬರುತ್ತದೆ, ಮಂಚಕ್ಕಲ್ಲ. ನೀವು ಒಂದು ಗಂಟೆ ಕೂತು ಊಟ ಮಾಡಿ, ಗುಂಡಿ ಒತ್ತಲು ಮರೆತರೆ, ದಾಖಲೆಯ ಪ್ರಕಾರ ಆ ಒಂದು ಗಂಟೆ ನೀವು ಕೆಲಸ ಮಾಡಿದ್ದೀರಿ. ಬ್ರೇಕ್ ತೆಗೆದುಕೊಂಡೇ ಇಲ್ಲ. ಕೆಲವು ಗಾಡಿಗಳಲ್ಲಿ ಕೀ ಆರಿಸಿದಾಗ ಮಂಚಕ್ಕೆ ಹೋಗುವಂತೆ ಸೆಟ್ ಮಾಡಿರುತ್ತಾರೆ. ಅದನ್ನೂ ನೆಚ್ಚಿಕೊಳ್ಳಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಪರದೆಯಲ್ಲಿ ಮಂಚ ಕಾಣುತ್ತಿದೆಯೇ ನೋಡಿ, ಆಮೇಲೆ ಕೆಳಗಿಳಿಯಿರಿ.

ಇನ್ನೊಂದು ಸಿಕ್ಕು ಸಮಯದ್ದು. ಯಂತ್ರ ಒಳಗೆ ದಾಖಲಿಸುವುದು ಯುಟಿಸಿ ಸಮಯವನ್ನು, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಮಾನಕ ಸಮಯವನ್ನು. ಪೋಲೆಂಡ್, ಜರ್ಮನಿಯ ಗಡಿಯಾರ ಅದಕ್ಕಿಂತ ಚಳಿಗಾಲದಲ್ಲಿ 1 ಗಂಟೆ, ಬೇಸಿಗೆಯಲ್ಲಿ 2 ಗಂಟೆ ಮುಂದಿರುತ್ತದೆ. ಗಾಡಿಯಿಂದ ದೂರ ಇದ್ದ ಹೊತ್ತನ್ನು ಕೈಯಿಂದ ನಮೂದಿಸುವಾಗ, ಪರದೆ ಕೇಳುತ್ತಿರುವುದು ಯಾವ ಸಮಯ ಎಂದು ನೋಡಿಕೊಂಡೇ ಒತ್ತಿ. ಡ್ಯೂಟಿ ಶುರುವಾಗುವಾಗ ಮತ್ತು ಮುಗಿಯುವಾಗ ಯಾವ ದೇಶದಲ್ಲಿದ್ದೀರಿ ಎಂದೂ ನಮೂದಿಸಬೇಕು. ಹಳೆಯ ಡಿಜಿಟಲ್ ಯಂತ್ರವಾದರೆ ಗಡಿ ದಾಟಿದ ಮೇಲೆ ಮೊದಲು ನಿಲ್ಲಿಸುವ ಜಾಗದಲ್ಲಿ ಹೊಸ ದೇಶದ ಗುರುತು ಹಾಕಬೇಕು. ಸ್ಮಾರ್ಟ್ ಟ್ಯಾಕೋಗ್ರಾಫ್‌ನ ಎರಡನೇ ಆವೃತ್ತಿ ಗಡಿ ದಾಟಿದ್ದನ್ನು ಉಪಗ್ರಹದ ಮೂಲಕ ತಾನೇ ಬರೆದುಕೊಳ್ಳುತ್ತದೆ.

## ಹಂತ 3: ನಾಲ್ಕೂವರೆ ಗಂಟೆ, ಮುಕ್ಕಾಲು ಗಂಟೆ

ಇದು ಎಲ್ಲರಿಗೂ ಮೊದಲು ಕಲಿಸುವ ನಿಯಮ. ಒಟ್ಟು 4 ಗಂಟೆ 30 ನಿಮಿಷ ಓಡಿಸಿದ ಮೇಲೆ ಕನಿಷ್ಠ 45 ನಿಮಿಷ ಬ್ರೇಕ್ ಬೇಕು. ಒಂದೇ ಸಲ ಓಡಿಸಬೇಕೆಂದಿಲ್ಲ. ನಡುವೆ ಹತ್ತು ನಿಮಿಷ ನಿಂತು ಚಹಾ ಕುಡಿದರೂ ಡ್ರೈವಿಂಗ್ ಹೊತ್ತು ಕೂಡುತ್ತಲೇ ಹೋಗುತ್ತದೆ. 4 ಗಂಟೆ 15 ನಿಮಿಷ ಆದಾಗ ಯಂತ್ರವೇ ಎಚ್ಚರಿಸುತ್ತದೆ. ಆದರೆ ಆಗ ನಿಮ್ಮ ಹತ್ತಿರ ಉಳಿದಿರುವುದು ಬರೀ 15 ನಿಮಿಷ. ಅಷ್ಟರಲ್ಲಿ ಲಾರಿ ನಿಲ್ಲಿಸುವ ಜಾಗ ಸಿಗದೇ ಇರಬಹುದು. ಎಚ್ಚರಿಕೆ ಬರುವ ಮೊದಲೇ ಜಾಗ ಗೊತ್ತಿರಬೇಕು.

45 ನಿಮಿಷವನ್ನು ಎರಡು ತುಂಡು ಮಾಡಬಹುದು. ಮೊದಲು ಕನಿಷ್ಠ 15, ಆಮೇಲೆ ಕನಿಷ್ಠ 30. ಈ ಕ್ರಮ ಮುಖ್ಯ. 30 ಮೊದಲು, 15 ಆಮೇಲೆ ತೆಗೆದುಕೊಂಡರೆ ಕೂಡಿಸಿದಾಗ 45 ಆಗುತ್ತದೆ ನಿಜ, ಆದರೆ ಕಾನೂನು ಒಪ್ಪುವುದಿಲ್ಲ. ಮೊದಲಿನ 30 ನಿಮಿಷವನ್ನು 15ರ ತುಂಡು ಎಂದು ಎಣಿಸುತ್ತಾರೆ. ಇನ್ನೊಂದು 30 ಬಾಕಿಯೇ ಇರುತ್ತದೆ. 15-15-15 ಎಂದು ಮೂರು ತುಂಡು ಮಾಡುವುದಂತೂ ನಡೆಯುವುದೇ ಇಲ್ಲ.

ಪೂರ್ತಿ ಬ್ರೇಕ್ ಮುಗಿದ ಮೇಲೆ ಲೆಕ್ಕ ಸೊನ್ನೆಯಿಂದ ಶುರು. ಉದಾಹರಣೆಗೆ 1 ಗಂಟೆ ಓಡಿಸಿ 45 ನಿಮಿಷ ನಿಂತರೆ, ಅಲ್ಲಿಂದ ಹೊಸದಾಗಿ ನಾಲ್ಕೂವರೆ ಗಂಟೆ ಸಿಗುತ್ತದೆ. ಬೇಗ ತೆಗೆದುಕೊಂಡ ಬ್ರೇಕ್‌ನಿಂದ ಉಳಿದ ಮೂರೂವರೆ ಗಂಟೆ ಮುಂದಕ್ಕೆ ಸೇರುವುದಿಲ್ಲ.

ಬ್ರೇಕ್ ಎಂದರೆ ಪೂರ್ತಿ ಬಿಡುವು. ಗೋದಾಮಿನ ಮುಂದೆ ನಿಂತು ಫೋರ್ಕ್‌ಲಿಫ್ಟ್‌ಗೆ "ಆ ಕಡೆ, ಈ ಕಡೆ" ಎಂದು ಹೇಳುತ್ತಿದ್ದರೆ ಅದು ಕೆಲಸ. ಮಂಚದ ಗುರುತು ಹಾಕಿ ಲೋಡ್ ಇಳಿಸಿದರೆ ಅದು ಸುಳ್ಳು ದಾಖಲೆ. ಸಾಲಿನಲ್ಲಿ ನಿಂತಿರುವಾಗ ಹಿಂದಿನವರು ಹಾರ್ನ್ ಮಾಡಿದರೆಂದು ಗಾಡಿ ಮುಂದೆ ಸರಿಸಿದಿರೋ, ಬ್ರೇಕ್ ಅಲ್ಲಿಗೇ ಕಡಿಯಿತು. 40 ನಿಮಿಷ ಕಳೆದಿದ್ದರೂ ಅದು ಇನ್ನು 15ರ ತುಂಡು ಮಾತ್ರ.

ಯಂತ್ರ ನಿಮಿಷ ನಿಮಿಷವಾಗಿ ಎಣಿಸುತ್ತದೆ. ಒಂದು ನಿಮಿಷದಲ್ಲಿ ಯಾವ ಕೆಲಸ ಜಾಸ್ತಿ ಹೊತ್ತು ನಡೆಯಿತೋ ಆ ಇಡೀ ನಿಮಿಷ ಅದರದ್ದೇ. ನಿಮ್ಮ ಕೈಗಡಿಯಾರದ 45 ನಿಮಿಷ ಯಂತ್ರದಲ್ಲಿ 44 ಆಗಬಹುದು. 44 ಆದರೆ ಬ್ರೇಕ್ ಆಗಿಲ್ಲ ಎಂದೇ ಅರ್ಥ. ಎರಡು ಮೂರು ನಿಮಿಷ ಜಾಸ್ತಿ ನಿಂತರೆ ನಷ್ಟವೇನೂ ಇಲ್ಲ.

## ಹಂತ 4: ಕೆಲಸದ ಆರು ಗಂಟೆಯನ್ನೂ ಎಣಿಸಿ

ಇದನ್ನು ಮರೆಯುವವರು ಬಹಳ. ಯುರೋಪಿನಲ್ಲಿ 2002/15 ಎಂಬ ಇನ್ನೊಂದು ನಿರ್ದೇಶನವಿದೆ. ಅದು ಡ್ರೈವಿಂಗ್ ಅಷ್ಟೇ ಅಲ್ಲ, ಎಲ್ಲ ಕೆಲಸವನ್ನೂ ಎಣಿಸುತ್ತದೆ. ಬಿಡುವಿಲ್ಲದೆ 6 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ದಿನದ ಕೆಲಸ 6ರಿಂದ 9 ಗಂಟೆಯಾದರೆ ಒಟ್ಟು 30 ನಿಮಿಷ, 9 ಗಂಟೆ ಮೀರಿದರೆ 45 ನಿಮಿಷ ವಿರಾಮ ಬೇಕು. ಒಂದೊಂದು ತುಂಡು ಕನಿಷ್ಠ 15 ನಿಮಿಷ ಇರಬೇಕು. ವಾರದ ಕೆಲಸ ಸರಾಸರಿ 48 ಗಂಟೆ, ಯಾವ ಒಂದು ವಾರದಲ್ಲೂ 60 ದಾಟಬಾರದು.

ಬೆಳಿಗ್ಗೆ 6ಕ್ಕೆ ಡ್ಯೂಟಿ ಶುರು ಎಂದುಕೊಳ್ಳಿ. 8ರವರೆಗೆ ಲೋಡಿಂಗ್. ಆಮೇಲೆ ನಾಲ್ಕೂವರೆ ಗಂಟೆ ಸತತ ಓಡಿಸಿದರೆ ಮಧ್ಯಾಹ್ನ 12:30. ಡ್ರೈವಿಂಗ್ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಬಿಡುವಿಲ್ಲದ ಕೆಲಸ ಆರೂವರೆ ಗಂಟೆ ಆಯಿತು. ತಪ್ಪು.

## ಹಂತ 5: ದಿನದ ಕೊನೆಯಿಂದ ಹಿಂದಕ್ಕೆ ಬನ್ನಿ

ದಿನಕ್ಕೆ 9 ಗಂಟೆ ಓಡಿಸಬಹುದು. ವಾರದಲ್ಲಿ ಎರಡು ಸಲ ಮಾತ್ರ 10 ಗಂಟೆ. ವಾರ ಎಂದರೆ ಸೋಮವಾರ 00:00ರಿಂದ ಭಾನುವಾರ ಮಧ್ಯರಾತ್ರಿವರೆಗೆ. 10 ಗಂಟೆ ಓಡಿಸುವ ದಿನ ಎರಡನೇ ನಾಲ್ಕೂವರೆ ಗಂಟೆಯ ನಂತರ ಮತ್ತೆ 45 ನಿಮಿಷದ ಬ್ರೇಕ್ ಬೇಕು, ಆಮೇಲೆ ಕೊನೆಯ ಒಂದು ಗಂಟೆ.

ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನಿಜವಾಗಿ ಕೈಕೊಡುವುದು 24 ಗಂಟೆಯ ನಿಯಮ. ಹಿಂದಿನ ವಿಶ್ರಾಂತಿ ಮುಗಿದು ಡ್ಯೂಟಿ ಶುರುವಾದ ಗಳಿಗೆಯಿಂದ 24 ಗಂಟೆಯೊಳಗೆ ಮುಂದಿನ ದಿನದ ವಿಶ್ರಾಂತಿ ಪೂರ್ತಿ ಮುಗಿದಿರಬೇಕು. ಶುರುವಾದರೆ ಸಾಲದು, ಮುಗಿದಿರಬೇಕು. ಇದಕ್ಕೆ ಮೂರು ದಾರಿಗಳಿವೆ.

ಮಾಮೂಲಿ ವಿಶ್ರಾಂತಿ 11 ಗಂಟೆ. ಬೆಳಿಗ್ಗೆ 6ಕ್ಕೆ ಶುರು ಮಾಡಿದ್ದರೆ ಸಂಜೆ 7ರೊಳಗೆ ಮಂಚದ ಗುರುತು ಬಿದ್ದಿರಬೇಕು. ಕಡಿಮೆ ವಿಶ್ರಾಂತಿ 9 ಗಂಟೆ. ಆಗ ರಾತ್ರಿ 9ರವರೆಗೆ ಸಮಯವಿದೆ. ಒಂದು ವಾರದ ವಿಶ್ರಾಂತಿಯಿಂದ ಮುಂದಿನ ವಾರದ ವಿಶ್ರಾಂತಿಯವರೆಗೆ ಇದನ್ನು ಮೂರು ಸಲ ಮಾತ್ರ ಬಳಸಬಹುದು. ಕಡಿಮೆಯಾದ ಆ 2 ಗಂಟೆಯನ್ನು ಮತ್ತೆ ತುಂಬಿಕೊಡಬೇಕಿಲ್ಲ. ಮೂರನೆಯದು ಒಡೆದ ವಿಶ್ರಾಂತಿ: ಹಗಲಲ್ಲಿ ಒಂದೇ ಸಲ ಕನಿಷ್ಠ 3 ಗಂಟೆ, ರಾತ್ರಿ ಕನಿಷ್ಠ 9 ಗಂಟೆ. ಮೊದಲು 3, ಆಮೇಲೆ 9. ಇದನ್ನು ಮಾಮೂಲಿ ವಿಶ್ರಾಂತಿ ಎಂದೇ ಎಣಿಸುತ್ತಾರೆ, ಮೂರು ಸಲದ ಮಿತಿಗೆ ಸೇರುವುದಿಲ್ಲ. ಅನ್‌ಲೋಡಿಂಗ್‌ಗೆ ನಾಲ್ಕು ಗಂಟೆ ಕಾಯಿಸುವ ಗೋದಾಮುಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಆ ಹೊತ್ತು ನೀವು ನಿಜವಾಗಿ ಬಿಡುವಾಗಿರಬೇಕು, ಗಾಡಿ ಅಲ್ಲಾಡಬಾರದು.

ಈಗ ತಪ್ಪಾಗುವ ಜಾಗ ನೋಡಿ. ಬೆಳಿಗ್ಗೆ 6ಕ್ಕೆ ಶುರು, ರಾತ್ರಿ 10ಕ್ಕೆ ನಿಲ್ಲಿಸಿದಿರಿ. ಮರುದಿನ ಬೆಳಿಗ್ಗೆ 9ರವರೆಗೆ ಚೆನ್ನಾಗಿ ಮಲಗಿದಿರಿ. ಪೂರ್ತಿ 11 ಗಂಟೆ ಆಯಿತಲ್ವಾ? ಆಗಲಿಲ್ಲ. ನಿಮ್ಮ 24 ಗಂಟೆ ಬೆಳಿಗ್ಗೆ 6ಕ್ಕೇ ಮುಗಿದಿತ್ತು. ಅದರೊಳಗೆ ಬಿದ್ದ ವಿಶ್ರಾಂತಿ 8 ಗಂಟೆ ಮಾತ್ರ. 9ಕ್ಕಿಂತ ಕಡಿಮೆ, ಹಾಗಾಗಿ ಉಲ್ಲಂಘನೆ. ರಾತ್ರಿ 8ಕ್ಕೆ ನಿಲ್ಲಿಸಿ ಬೆಳಿಗ್ಗೆ 7ರವರೆಗೆ ಮಲಗಿದ್ದರೆ? ಒಳಗೆ ಬಿದ್ದದ್ದು 10 ಗಂಟೆ. ತಪ್ಪಲ್ಲ, ಆದರೆ ನಿಮ್ಮ ಮೂರು ಕಡಿಮೆ ವಿಶ್ರಾಂತಿಗಳಲ್ಲಿ ಒಂದು ಖರ್ಚಾಯಿತು. ನಿಮಗೆ ಗೊತ್ತಿಲ್ಲದೆಯೇ ಖರ್ಚಾಗುವುದು ಹೀಗೆ. ಗುರುವಾರ, ಶುಕ್ರವಾರದ ಹೊತ್ತಿಗೆ ನಿಜವಾಗಿ ಬೇಕಾದಾಗ ಕೈಯಲ್ಲಿ ಒಂದೂ ಇರುವುದಿಲ್ಲ.

ಒಂದು ದಿನವನ್ನು ಪೂರ್ತಿ ಬಿಡಿಸಿ ನೋಡೋಣ. ಪೋಲೆಂಡ್‌ನ ಪೋಜ್ನಾನ್‌ನಿಂದ ಜರ್ಮನಿಯ ಎ2 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟಿದ್ದೀರಿ. ಡ್ಯೂಟಿ ಶುರು ಬೆಳಿಗ್ಗೆ 6. ಮೊದಲ ಗೆರೆ ಎಳೆಯಿರಿ: ಸಂಜೆ 7ಕ್ಕೆ ಗಾಡಿ ನಿಂತಿರಬೇಕು. 8ರವರೆಗೆ ಲೋಡಿಂಗ್. ಆರು ಗಂಟೆಯ ನಿಯಮದ ಪ್ರಕಾರ 12ರೊಳಗೆ ಒಂದು ಬಿಡುವು ಬೇಕು. ಹಾಗಾಗಿ 8ರಿಂದ 10:15 ಓಡಿಸಿ 15 ನಿಮಿಷ ನಿಲ್ಲಿಸಿ. 10:30ರಿಂದ 12:45ರವರೆಗೆ ಮತ್ತೆ ಓಡಿಸಿ. ನಾಲ್ಕೂವರೆ ಗಂಟೆ ಆಯಿತು. 30 ನಿಮಿಷ ಊಟ. 1:15ರಿಂದ ಓಡಿಸಿದರೆ 5:45ಕ್ಕೆ 9 ಗಂಟೆ ಮುಗಿಯುತ್ತದೆ. 7ಕ್ಕೆ ಇನ್ನೂ ಒಂದೂಕಾಲು ಗಂಟೆ ಇದೆ, ಆದರೆ ಓಡಿಸುವ ಹೊತ್ತು ಉಳಿದಿಲ್ಲ. ಮುಂದಿನ ಪಾರ್ಕಿಂಗ್‌ಗೆ ಹೋಗಬೇಕೆಂದರೆ ಇನ್ನೊಂದು 45 ನಿಮಿಷ ಬ್ರೇಕ್, ವಾರದ ಎರಡು 10 ಗಂಟೆಗಳಲ್ಲಿ ಒಂದು, ಜೊತೆಗೆ 7 ದಾಟಿದರೆ ಒಂದು ಕಡಿಮೆ ವಿಶ್ರಾಂತಿ, ಇಷ್ಟೂ ಖರ್ಚು. ಒಂದು ಪಾರ್ಕಿಂಗ್ ಜಾಗಕ್ಕೆ ಇಷ್ಟು ಬೆಲೆ!

ಅದಕ್ಕೇ ನಾನಾದರೆ 5 ಗಂಟೆಗೇ ಜಾಗ ಹಿಡಿಯುವ ಯೋಜನೆ ಹಾಕುತ್ತೇನೆ. ಜರ್ಮನಿಯ ಹೆದ್ದಾರಿಗಳಲ್ಲಿ ಸಂಜೆಯಾಗುತ್ತಿದ್ದಂತೆ ಲಾರಿ ನಿಲುಗಡೆಗಳು ತುಂಬಿಹೋಗುತ್ತವೆ, ಬಾಗಿಲವರೆಗೂ ಗಾಡಿಗಳು ನಿಂತಿರುತ್ತವೆ. ದುಡ್ಡು ಕೊಟ್ಟು ಮೊದಲೇ ಕಾದಿರಿಸುವ ಪಾರ್ಕಿಂಗ್‌ಗಳೂ ಇವೆ. ಆ ಖರ್ಚು ಯಾರದ್ದು ಎಂದು ಕೆಲಸಕ್ಕೆ ಸೇರುವಾಗಲೇ ಕಂಪನಿಯನ್ನು ಕೇಳಿಟ್ಟುಕೊಳ್ಳಿ.

## ಹಂತ 6: ವಾರದ ವಿಶ್ರಾಂತಿ

ವಾರಕ್ಕೆ ಡ್ರೈವಿಂಗ್ 56 ಗಂಟೆ ಮೀರಬಾರದು. ಬೆನ್ನುಬೆನ್ನಿಗೆ ಬರುವ ಯಾವ ಎರಡು ವಾರ ಕೂಡಿಸಿದರೂ 90 ದಾಟಬಾರದು. ಈ ವಾರ 56 ಓಡಿಸಿದರೆ ಮುಂದಿನ ವಾರ 34 ಮಾತ್ರ.

ಹಿಂದಿನ ವಾರದ ವಿಶ್ರಾಂತಿ ಮುಗಿದಾಗಿನಿಂದ ಆರು 24 ಗಂಟೆಗಳೊಳಗೆ ಮುಂದಿನದು ಶುರುವಾಗಬೇಕು. ಸೋಮವಾರ ಬೆಳಿಗ್ಗೆ 6ಕ್ಕೆ ಹೊರಟವರು ಭಾನುವಾರ ಬೆಳಿಗ್ಗೆ 6ರೊಳಗೆ ವಿಶ್ರಾಂತಿಗೆ ಹೋಗಲೇಬೇಕು. ಮಾಮೂಲಿ ವಾರದ ವಿಶ್ರಾಂತಿ 45 ಗಂಟೆ. ಕಡಿಮೆ ಮಾಡಿದರೆ 24 ಗಂಟೆಯವರೆಗೆ ಇಳಿಸಬಹುದು. ಎರಡು ವಾರದಲ್ಲಿ ಒಂದಾದರೂ 45ರದ್ದು ಇರಬೇಕು.

ಕಡಿಮೆ ಮಾಡಿದ ಹೊತ್ತು ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ, ಬಾಕಿ ತೀರಿಸಬೇಕು. ಕಂತಿನಲ್ಲಿ ಕೊಡಲು ಮಾತ್ರ ಬಿಡುವುದಿಲ್ಲ. 24 ಗಂಟೆ ತೆಗೆದುಕೊಂಡರೆ ಬಾಕಿ 21 ಗಂಟೆ. ಆ ವಾರದ ನಂತರದ ಮೂರನೇ ವಾರ ಮುಗಿಯುವುದರೊಳಗೆ ಆ 21 ಗಂಟೆಯನ್ನು ಒಂದೇ ಗಂಟಿನಲ್ಲಿ, ಕನಿಷ್ಠ 9 ಗಂಟೆಯ ಇನ್ನೊಂದು ವಿಶ್ರಾಂತಿಗೆ ಅಂಟಿಸಿ ತೆಗೆದುಕೊಳ್ಳಬೇಕು. 45ಕ್ಕೆ ಸೇರಿಸಿದರೆ 66 ಗಂಟೆಯ ಒಂದು ವಿಶ್ರಾಂತಿ ಆಗುತ್ತದೆ. ಇದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ: ಯಾವ ವಾರ, ಎಷ್ಟು ಬಾಕಿ, ಯಾವ ಭಾನುವಾರದೊಳಗೆ. ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು ಸುಮ್ಮನಿರಬೇಡಿ.

ಅಂತರರಾಷ್ಟ್ರೀಯ ಸಾಗಣೆಯಲ್ಲಿ, ಕಂಪನಿಯ ದೇಶದ ಹೊರಗಿದ್ದಾಗ, ಎರಡು ಕಡಿಮೆ ವಿಶ್ರಾಂತಿಗಳನ್ನು ಬೆನ್ನುಬೆನ್ನಿಗೆ ತೆಗೆದುಕೊಳ್ಳಲು 2020ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅದಕ್ಕೆ ಷರತ್ತುಗಳಿವೆ. ನಾಲ್ಕು ವಾರದಲ್ಲಿ ವಾರದ ವಿಶ್ರಾಂತಿ ಕನಿಷ್ಠ ನಾಲ್ಕು ಸಲ ಆಗಿರಬೇಕು, ಅದರಲ್ಲಿ ಕನಿಷ್ಠ ಎರಡು ಮಾಮೂಲಿಯದ್ದಾಗಿರಬೇಕು. ಎರಡು ಕಡಿಮೆಯದ್ದು ಆದ ಮೇಲೆ ಬರುವ ದೊಡ್ಡ ವಿಶ್ರಾಂತಿಯ ಜೊತೆಗೇ ಎರಡರ ಬಾಕಿಯೂ ತೀರಬೇಕು.

45 ಗಂಟೆಯ ವಿಶ್ರಾಂತಿಯನ್ನು ಕ್ಯಾಬಿನ್‌ನಲ್ಲಿ ಮಲಗಿ ಕಳೆಯುವಂತಿಲ್ಲ. ಯುರೋಪಿನ ನ್ಯಾಯಾಲಯ 2017ರ ಡಿಸೆಂಬರ್ 20ರಂದು ಬೆಲ್ಜಿಯಂನ ಒಂದು ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟ ಮಾಡಿತು. 2020ರ ತಿದ್ದುಪಡಿ ಅದನ್ನು ಕಾನೂನಿನಲ್ಲೇ ಬರೆಯಿತು. ಬಾಕಿ ತೀರಿಸಲು 45 ಮೀರಿ ತೆಗೆದುಕೊಳ್ಳುವ ವಾರದ ವಿಶ್ರಾಂತಿಗೂ ಇದೇ ನಿಯಮ. ಮಲಗಲು, ಸ್ನಾನ ಶೌಚಕ್ಕೆ ಸರಿಯಾದ ವ್ಯವಸ್ಥೆ ಇರುವ ಜಾಗ ಬೇಕು. ಅದರ ಖರ್ಚು ಕಂಪನಿಯದು, ನಿಮ್ಮದಲ್ಲ. "ಕ್ಯಾಬಿನ್‌ನಲ್ಲೇ ಇರು, ಹೋಟೆಲ್ ದುಡ್ಡು ನಿನಗೇ ಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪೊಲೀಸರು ಬಂದು ಬಾಗಿಲು ತಟ್ಟುವುದು ಕ್ಯಾಬಿನ್ನಿಗೆ. 24 ಗಂಟೆಯ ಕಡಿಮೆ ವಿಶ್ರಾಂತಿಯನ್ನು ಮತ್ತು ದಿನದ ವಿಶ್ರಾಂತಿಯನ್ನು ಕ್ಯಾಬಿನ್‌ನಲ್ಲಿ ಕಳೆಯಬಹುದು. ಮಲಗುವ ವ್ಯವಸ್ಥೆ ಇರಬೇಕು, ಗಾಡಿ ನಿಂತಿರಬೇಕು.

ನಾಲ್ಕು ವಾರಕ್ಕೊಮ್ಮೆ ಡ್ರೈವರ್ ಕಂಪನಿಯ ಕೇಂದ್ರಕ್ಕೋ ತಮ್ಮ ವಾಸದ ಜಾಗಕ್ಕೋ ಮರಳಲು ಆಗುವಂತೆ ಕಂಪನಿ ಕೆಲಸ ಹಂಚಬೇಕು ಎಂಬ ನಿಯಮವೂ ಇದೆ. ಕರ್ನಾಟಕಕ್ಕೆ ಬಂದು ಹೋಗುವ ರಜೆ, ವಿಮಾನದ ಟಿಕೆಟ್ ಖರ್ಚು ಇವನ್ನು ಕೆಲಸದ ಒಪ್ಪಂದದಲ್ಲಿ ಬೇರೆಯಾಗಿಯೇ ಬರೆಸಿಕೊಳ್ಳಿ.

ಜರ್ಮನಿಯಲ್ಲಿ ಭಾನುವಾರ 00:00ರಿಂದ ರಾತ್ರಿ 10ರವರೆಗೆ 7.5 ಟನ್ ಮೀರಿದ ಲಾರಿಗಳು ಸಾಮಾನ್ಯವಾಗಿ ಓಡುವಂತಿಲ್ಲ. ಆಸ್ಟ್ರಿಯಾದಲ್ಲಿ ಶನಿವಾರ ಮಧ್ಯಾಹ್ನ 3ಕ್ಕೇ ನಿಷೇಧ ಶುರು. ವಾರದ ವಿಶ್ರಾಂತಿಯನ್ನು ಈ ಹೊತ್ತಿಗೆ ಹೊಂದಿಸಿಕೊಂಡರೆ ಎರಡು ಸಲ ನಿಲ್ಲುವುದು ತಪ್ಪುತ್ತದೆ.

## ಇಬ್ಬರು ಡ್ರೈವರ್, ಹಡಗು

ನಮ್ಮಲ್ಲಿ ಡಬಲ್ ಡ್ರೈವರ್ ಗಾಡಿಯಲ್ಲಿ ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಮಲಗುತ್ತಾರೆ. ಅಲ್ಲಿ ಆ ನಿದ್ದೆ ದಿನದ ವಿಶ್ರಾಂತಿ ಆಗುವುದಿಲ್ಲ. ಓಡುವ ಗಾಡಿಯಲ್ಲಿ 45 ನಿಮಿಷದ ಬ್ರೇಕ್ ತೆಗೆದುಕೊಳ್ಳಬಹುದು, ಅದೂ ಓಡಿಸುವವರಿಗೆ ಸಹಾಯ ಮಾಡುತ್ತಿಲ್ಲದಿದ್ದರೆ. ಇಬ್ಬರಿರುವ ಗಾಡಿಗೆ ಸಿಗುವ ಅನುಕೂಲ ಬೇರೆ: 24 ಗಂಟೆಯ ಬದಲು 30 ಗಂಟೆಯೊಳಗೆ ಇಬ್ಬರೂ ಕನಿಷ್ಠ 9 ಗಂಟೆಯ ವಿಶ್ರಾಂತಿ ಮುಗಿಸಿದರೆ ಸಾಕು. ಮೊದಲ ಒಂದು ಗಂಟೆ ಬಿಟ್ಟರೆ ಉಳಿದ ಹೊತ್ತು ಇಬ್ಬರೂ ಗಾಡಿಯಲ್ಲಿರಬೇಕು.

ಜರ್ಮನಿಯ ಟ್ರಾವೆಮುಂಡೆ ಬಂದರಿನಿಂದ ಸ್ವೀಡನ್‌ಗೆ ಹೋಗುವಂಥ ಹಡಗಿನಲ್ಲಿ ಮಲಗುವ ಕೋಣೆ ಅಥವಾ ಮಂಚ ಸಿಕ್ಕರೆ, 11 ಗಂಟೆಯ ವಿಶ್ರಾಂತಿಯನ್ನು ಹಡಗು ಹತ್ತಿಸಲು, ಇಳಿಸಲು ಎರಡು ಸಲ ಮುರಿಯಬಹುದು. ಎರಡೂ ಸೇರಿ 1 ಗಂಟೆ ಮೀರಬಾರದು. 9 ಗಂಟೆಯ ಕಡಿಮೆ ವಿಶ್ರಾಂತಿಗೆ ಈ ರಿಯಾಯಿತಿ ಇಲ್ಲ.

## ಹಂತ 7: ಲೆಕ್ಕ ತಪ್ಪಿದಾಗ ಏನು ಮಾಡಬೇಕು

ಅಪಘಾತವಾಗಿ ಹೆದ್ದಾರಿ ಬಂದ್. ಹಿಮ ಬಿದ್ದು ಎರಡು ಗಂಟೆ ನಿಂತಿದ್ದೀರಿ. ನಾಲ್ಕೂವರೆ ಗಂಟೆ ಮುಗಿಯುತ್ತಿದೆ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಎಂದು ಕಾನೂನು ಹೇಳುವುದಿಲ್ಲ. ಜನರ, ವಾಹನದ ಅಥವಾ ಸರಕಿನ ಸುರಕ್ಷತೆಗಾಗಿ ಸರಿಯಾದ ನಿಲ್ಲುವ ಜಾಗ ತಲುಪುವಷ್ಟು ಮಾತ್ರ ಮಿತಿ ಮೀರಬಹುದು ಎಂದು 561/2006ರ 12ನೇ ವಿಧಿ ಹೇಳುತ್ತದೆ.

ಆದರೆ ನಿಂತ ಕೂಡಲೇ ಮಾಡಬೇಕಾದ ಕೆಲಸವೊಂದಿದೆ. ಯಂತ್ರದಿಂದ ಪ್ರಿಂಟ್ ತೆಗೆದು ಕಾರಣ ಕೈಯಲ್ಲಿ ಬರೆಯಿರಿ: ಯಾವ ಹೆದ್ದಾರಿ, ಎಷ್ಟು ಗಂಟೆ, ಏನಾಯಿತು, ಎಲ್ಲಿ ನಿಲ್ಲಿಸಿದಿರಿ. ಸರಳ ಇಂಗ್ಲಿಷಿನಲ್ಲಿ ಎರಡು ಸಾಲು ಸಾಕು. ಸಹಿ ಹಾಕಿ ಜೊತೆಗಿಟ್ಟುಕೊಳ್ಳಿ. ನಾಳೆ ಬರೆಯೋಣ ಎಂದರೆ ಆಗುವುದಿಲ್ಲ, ಆ ಜಾಗ ತಲುಪಿದಾಗಲೇ ಬರೆದಿರಬೇಕು. ಇನ್ನೊಂದು ಮಾತು: ಇದು ಮೊದಲೇ ಊಹಿಸಲು ಆಗದ ಸಂದರ್ಭಕ್ಕೆ. ದಿನಾ ಜಾಮ್ ಆಗುವ ರಸ್ತೆಯಲ್ಲಿ ಜಾಮ್ ಆಯಿತು ಎಂದು ದಿನಾ ಬರೆದರೆ ಯಾರೂ ನಂಬುವುದಿಲ್ಲ.

ವಾರದ ವಿಶ್ರಾಂತಿಗೆ ಕಂಪನಿಯ ಕೇಂದ್ರ ಅಥವಾ ಮನೆ ತಲುಪಲು ಅನಿರೀಕ್ಷಿತ ಸಂದರ್ಭದಲ್ಲಿ 1 ಗಂಟೆ ಜಾಸ್ತಿ ಓಡಿಸಲು ಈಗ ಅವಕಾಶವಿದೆ. 45 ಗಂಟೆಯ ವಿಶ್ರಾಂತಿಗೆ ಹೋಗುತ್ತಿದ್ದರೆ 2 ಗಂಟೆ, ಆದರೆ ಆ ಹೆಚ್ಚುವರಿ ಓಟದ ಮೊದಲು 30 ನಿಮಿಷದ ಬ್ರೇಕ್ ಬೇಕು. ಇದಕ್ಕೂ ಕಾರಣ ಬರೆಯಬೇಕು, ಅಷ್ಟೇ ಹೊತ್ತಿನ ವಿಶ್ರಾಂತಿಯನ್ನು ಆಮೇಲೆ ತುಂಬಬೇಕು.

## ಹಂತ 8: ತಪಾಸಣೆ ಮತ್ತು ಕಂಪನಿಯ ಒತ್ತಡ

2024ರ ಡಿಸೆಂಬರ್ 31ರಿಂದ ಆ ದಿನದ್ದು ಮತ್ತು ಹಿಂದಿನ 56 ದಿನಗಳ ದಾಖಲೆ ತೋರಿಸಬೇಕು. ಮೊದಲು ಇದು 28 ದಿನ ಇತ್ತು. ಅಂದರೆ ಈವತ್ತಿನ ತಪ್ಪಿಗೆ ಸುಮಾರು ಎರಡು ತಿಂಗಳ ನಂತರವೂ ದಂಡ ಬೀಳಬಹುದು. ದಂಡದ ಮೊತ್ತ ದೇಶದಿಂದ ದೇಶಕ್ಕೆ ಬೇರೆ. ಬೇರೆ ದೇಶದಲ್ಲಿ ಆದ ತಪ್ಪಿಗೂ ದಂಡ ಹಾಕಬಹುದು. ತಪಾಸಣೆ ಮಾಡುವವರು ಸ್ಮಾರ್ಟ್ ಟ್ಯಾಕೋಗ್ರಾಫ್‌ನ ಕೆಲವು ಮಾಹಿತಿಯನ್ನು ಗಾಡಿ ಓಡುತ್ತಿರುವಾಗಲೇ ದೂರದಿಂದ ಓದಿ, ಅನುಮಾನ ಬಂದವರನ್ನು ನಿಲ್ಲಿಸಬಲ್ಲರು.

ಬೇರೆಯವರ ಕಾರ್ಡ್ ಹಾಕಿ ಓಡಿಸುವುದು, ಸೆನ್ಸರ್‌ಗೆ ಆಯಸ್ಕಾಂತ ಅಂಟಿಸುವುದು, ಇವು ಅತಿ ಗಂಭೀರ ಅಪರಾಧಗಳ ಪಟ್ಟಿಯಲ್ಲಿವೆ. ಹತ್ತು ನಿಮಿಷ ಜಾಸ್ತಿ ಓಡಿಸಿದ್ದು ಒಂದು ದಂಡದಲ್ಲಿ ಮುಗಿಯಬಹುದು. ಇದು ಹಾಗೆ ಮುಗಿಯುವುದಿಲ್ಲ. ನಿಮ್ಮ ವೀಸಾ, ಲೈಸೆನ್ಸ್ ಎಲ್ಲ ಪಣಕ್ಕಿಟ್ಟು ಯಾರದೋ ಲೋಡ್ ಬೇಗ ಮುಟ್ಟಿಸಬೇಕೇ?

ನಮ್ಮಲ್ಲಿ ಟ್ರಿಪ್ಪಿಗಿಷ್ಟು ಬಾಟಾ, ಬೇಗ ಮುಟ್ಟಿಸಿದರೆ ಇನಾಮು ಎಂಬ ರೂಢಿ ಇದೆ. ಅಲ್ಲಿ ಓಡಿಸಿದ ದೂರ, ಮುಟ್ಟಿಸಿದ ವೇಗ, ಸಾಗಿಸಿದ ಸರಕಿನ ಮೇಲೆ ಸಂಬಳ ಅಥವಾ ಬೋನಸ್ ಕೊಟ್ಟು, ಅದರಿಂದ ರಸ್ತೆ ಸುರಕ್ಷತೆಗೆ ಅಪಾಯವಾಗುವಂತಿದ್ದರೆ ಅಥವಾ ನಿಯಮ ಮುರಿಯಲು ಕುಮ್ಮಕ್ಕು ಸಿಗುವಂತಿದ್ದರೆ ಅದು ನಿಷಿದ್ಧ. ಡ್ರೈವರ್ ಮಾಡಿದ ಉಲ್ಲಂಘನೆಗೆ ಕಂಪನಿಯೂ ಹೊಣೆ. ಹಾಗಾಗಿ "ಇನ್ನೊಂದು ಗಂಟೆ ಓಡಿಸು, ನಾನು ನೋಡ್ಕೋತೀನಿ" ಎಂಬ ಫೋನ್ ಬಂದರೆ, "ಮೆಸೇಜ್‌ನಲ್ಲಿ ಬರೆದು ಕಳಿಸಿ ಸಾರ್" ಎನ್ನಿ. ಬರೆದು ಕಳಿಸುವವರು ಕಡಿಮೆ. ಕಳಿಸಿದರೆ ಅಳಿಸಬೇಡಿ.

ಕಾರ್ಡ್ ಕಳೆದುಹೋದರೆ ಅಥವಾ ಕೆಟ್ಟರೆ 7 ದಿನದೊಳಗೆ ಹೊಸದಕ್ಕೆ ಅರ್ಜಿ ಹಾಕಬೇಕು. ಕಾರ್ಡಿಲ್ಲದೆ ಗರಿಷ್ಠ 15 ದಿನ ಓಡಿಸಬಹುದು. ಆ ದಿನಗಳಲ್ಲಿ ಡ್ಯೂಟಿಯ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಪ್ರಿಂಟ್ ತೆಗೆದು, ಹೆಸರು ಮತ್ತು ಕಾರ್ಡ್ ಅಥವಾ ಲೈಸೆನ್ಸ್ ಸಂಖ್ಯೆ ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕು.

ಕಂಪನಿ ನಿಮ್ಮ ಕಾರ್ಡಿನ ಮಾಹಿತಿಯನ್ನು 28 ದಿನಕ್ಕೊಮ್ಮೆಯಾದರೂ ಇಳಿಸಿಕೊಳ್ಳಬೇಕು, ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಇಡಬೇಕು. ಡ್ರೈವರ್ ಕೇಳಿದರೆ ಪ್ರತಿ ಕೊಡಲೇಬೇಕು. ಪ್ರತಿ ತಿಂಗಳು ಒಂದು ಪ್ರತಿ ಕೇಳಿ ಪಡೆಯಿರಿ. ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗುವಾಗ, ಅಥವಾ ಓವರ್‌ಟೈಮ್ ದುಡ್ಡಿನ ಬಗ್ಗೆ ತಕರಾರು ಬಂದಾಗ, ನೀವು ಎಷ್ಟು ಗಂಟೆ ದುಡಿದಿರಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಸಿಗುವುದಿಲ್ಲ.